ಬೂಟಿನ ಕಂಪನಿಯ ಜಾತಕ

ಸಾರ್ವಜನಿಕ ಗ್ರಂಥಾಲಯದಲ್ಲಿ ದಿನಪತ್ರಿಕೆಗಳ ಕೋಣೆ ದಾಟಿ ಎಡಕ್ಕೆ ತಿರುಗಿದರೆ, ಕಿಟಕಿಯ ಪಕ್ಕ ಒಂದು ಉದ್ದನೆಯ ಮೇಜು. ಅದರ ಮೇಲೆ ಒಂದು ಕಂಪ್ಯೂಟರು, ಒಂದು ಕತ್ತರಿ, ಅಂಟಿನ ಬಾಟಲಿ. ಎದುರಿಗೆ ಬಂದವರಿಗೊಂದು ಕುರ್ಚಿ. ಮೇಜಿನ ಹಿಂದೆ ಕೂರುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಗೆ ಮಾತ್ರ. ಊರಿಗೆಲ್ಲ ಅವರು ‘ಇನ್ನೊಂದ್ಸಲ ಮೇಡಂ’. ಯಾರು ಏನು ಕೇಳಿಕೊಂಡು ಬಂದರೂ ಹುಡುಕಿ ಕೊಡುತ್ತಾರೆ. ಕೊಟ್ಟಮೇಲೆ, ಸಿಕ್ಕಿತಲ್ಲ ಎಂದು ಎದ್ದು ಹೊರಟವರನ್ನು ತಡೆದು, “ಕೂತ್ಕೊಳ್ಳಿ, ಇನ್ನೊಂದ್ಸಲ ನೋಡೋಣ” ಅನ್ನುತ್ತಾರೆ. ಹೊಟ್ಟೆ ಹಸಿದವರಿಗೆ ಸಿಟ್ಟು ಬರುತ್ತದೆ. ಬರಲಿ ಬಿಡಿ. ಆ ಇನ್ನೊಂದು ಸಲದಿಂದ ಎಷ್ಟು ಜನ ಹಳ್ಳಕ್ಕೆ ಬೀಳುವುದು ತಪ್ಪಿದೆ ಎಂಬುದನ್ನು ಬಿದ್ದೇ ಬೀಳುತ್ತಿದ್ದವರನ್ನು ಕೇಳಬೇಕು.

ಕಂಪನಿಗಳ ಜಾತಕ ಜಾಲಾಡುವುದರಲ್ಲಂತೂ ಅವರನ್ನು ಮೀರಿಸುವವರಿಲ್ಲ. ಕೆಲಸ ಸಿಕ್ಕಿದೆ, ತರಬೇತಿಗೆ ಮುಂಗಡ ಕಟ್ಟಬೇಕಂತೆ ಎಂದು ಕುಣಿಯುತ್ತಾ ಬಂದ ಒಬ್ಬ ಹುಡುಗಿಗೆ, ಆ ಕಂಪನಿಯ ಪ್ರಧಾನ ಕಚೇರಿ ಇದೆಯೆನ್ನಲಾದ ಜಾಗವನ್ನು ಕಂಪ್ಯೂಟರಿನ ನಕ್ಷೆಯಲ್ಲಿ ತೆಗೆದು ತೋರಿಸಿದರು. ಅಲ್ಲಿದ್ದದ್ದು ಕಾರು ತೊಳೆಯುವ ಷೆಡ್ಡು. ಹುಡುಗಿಯ ಮುಖ ಇಷ್ಟಗಲ ಇದ್ದದ್ದು ಇಷ್ಟಾಯಿತು. “ಅಳ್ಬೇಡ, ಕಾರು ತೊಳೆಯೋ ಕೆಲಸವಾದ್ರೂ ನಿಜವಾಗ್ಲೂ ಇರುತ್ತೆ. ಅಲ್ಲಿಗೆ ಮುಂಗಡ ಕಟ್ಟೋದೂ ಬೇಡ” ಎಂದು ಮೇಡಂ ಬೆನ್ನು ತಟ್ಟಿದರು. ಹುಡುಗಿ ಅಳುತ್ತಲೇ ನಕ್ಕಳು.

ಅವರ ಪ್ರಕಾರ ಕಂಪನಿಯ ಬಗೆಗಿನ ಮಾತುಗಳೆಲ್ಲ ಒಂದೇ ತೂಕದವಲ್ಲ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಒಂದು ಥರ: ವೆಬ್‌ಸೈಟು, ಬಣ್ಣಬಣ್ಣದ ವಾರ್ಷಿಕ ವರದಿ, ಸಾಲಾಗಿ ನಿಂತು ಹಲ್ಲು ಬಿಟ್ಟ ನಿರ್ದೇಶಕರು. ಕಾಯಿದೆಗೆ ಹೆದರಿ ಹೇಳಲೇಬೇಕಾದ್ದು ಇನ್ನೊಂದು ಥರ: ಸರ್ಕಾರದ ಕಂಪನಿ ನೋಂದಣಿ ಕಚೇರಿಗೆ ವರ್ಷವರ್ಷ ಒಪ್ಪಿಸುವ ಲೆಕ್ಕಪತ್ರ, ಮಾಲೀಕರು ಯಾರು, ಮೊನ್ನೆಮೊನ್ನೆ ಬಿಟ್ಟುಹೋದವರು ಯಾರು. ಇನ್ನು, ಆ ಕಂಪನಿಯಿಂದ ತಮಗೆ ಏನೂ ಆಗಬೇಕಿಲ್ಲದವರು ಹೇಳುವುದು ಬೇರೆಯೇ. “ಮೊದಲನೇದು ಮದುವೆ ಫೋಟೊ, ಎರಡನೇದು ಡಾಕ್ಟರ್ ಚೀಟಿ, ಮೂರನೇದು ಪಕ್ಕದ್ಮನೆಯವರ ಮಾತು. ಬರೀ ಫೋಟೊ ನೋಡಿ ಹುಡುಗನ್ನ ಒಪ್ಕೊಂಡ್ರೆ ಆಮೇಲೆ ನನ್ನನ್ನ ಬೈಬೇಡಿ” ಎಂದು ಎದುರಿನ ಕುರ್ಚಿಯವರಿಗೆ ಹೇಳುವುದುಂಟು.

ಒಂದು ಕೆಲಸ ಮಾತ್ರ ಅವರು ಮಾಡುವುದಿಲ್ಲ. ಸೇರಲೋ ಬೇಡವೋ, ಮಾರಲೋ ಬಿಡಲೋ ಎಂದು ಕೇಳಿದರೆ ಬಾಯಿಗೆ ಬೀಗ. ಹುಡುಕಿ ಕೊಡುವುದು ನನ್ನದು, ತೀರ್ಮಾನ ನಿಮ್ಮದು ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಾರೆ. ಒಬ್ಬ ದೊಡ್ಡ ವ್ಯಾಪಾರಿ ಹೂಗುಚ್ಛ ತಂದುಕೊಟ್ಟು, ಅಂಗಲಾಚಿ ಕೇಳಿದರೂ ತುಟಿ ಬಿಚ್ಚಲಿಲ್ಲ; ಹೂವನ್ನು ಮಾತ್ರ ಇಟ್ಟುಕೊಂಡರು. ಈ ಗುಣಕ್ಕಾಗಿಯೇ ಊರಿನಲ್ಲಿ ಅವರಿಗೆ ಅಷ್ಟು ಮರ್ಯಾದೆ. ಯಾರ ಪರವೂ ಅಲ್ಲದ ಮನುಷ್ಯರು ಸಿಗುವುದೇ ಅಪರೂಪ ನೋಡಿ.

ಮೇಡಂ ಅವರ ಎಡಗಾಲು ಬಲಗಾಲಿಗಿಂತ ಗಿಡ್ಡ. ಹುಟ್ಟಿನಿಂದಲೂ ಹಾಗೆಯೇ, ಪಾದವೂ ಒಳಕ್ಕೆ ತಿರುಚಿಕೊಂಡಿದೆ. ಚಿಕ್ಕಂದಿನಲ್ಲಿ ಆಸ್ಪತ್ರೆಯವರು ಕೊಟ್ಟ ಬೂಟು ಇಟ್ಟಿಗೆಯಷ್ಟು ಭಾರ. ಹಾಕಿಕೊಂಡರೆ ಗೋಡೆ ಹಿಡಿದೇ ನಡೆಯಬೇಕಿತ್ತು. ಶಾಲೆಯಲ್ಲಿ ಮಕ್ಕಳು ಹಿಂದಿನಿಂದ ತಾಳ ಹಾಕುತ್ತಿದ್ದರು. ಆ ಕಷ್ಟ ನೀಗಿಸಿದವರು ರೈಲು ನಿಲ್ದಾಣದ ಹಿಂದಿನ ಗಲ್ಲಿಯ ಬೂಟಣ್ಣ. ಕಾಲಿನ ತೊಂದರೆ ಇರುವವರಿಗೆ ಬೂಟು ಹೊಲಿಯುವುದೊಂದೇ ಅವರ ಕಸುಬು. ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಿರುತ್ತಾರೆಯೇ ಹೊರತು ಮೊದಲು ಅದನ್ನು ಮುಟ್ಟುವುದಿಲ್ಲ. “ಸುಮ್ನೆ ಗಲ್ಲಿ ಕೊನೇವರೆಗೂ ನಡ್ಕೊಂಡು ಹೋಗಿ ಬನ್ನಿ” ಎಂದು ಬಾಗಿಲಲ್ಲಿ ನಿಂತು ನೋಡುತ್ತಾರೆ. ಆಮೇಲೆ ಮರದಲ್ಲಿ ಆ ಪಾದದ್ದೇ ಆಕಾರದ ಅಚ್ಚು ಕೆತ್ತಿ, ಅದರ ಮೇಲೆ ಚರ್ಮ ಎಳೆದು ಹೊಲಿಯುತ್ತಾರೆ. ಅಂಗಡಿಯ ಗೋಡೆ ತುಂಬ ಊರವರ ಪಾದಗಳೇ. ಮೇಡಂ ಮೊದಲ ಸಲ ಆ ಬೂಟು ಹಾಕಿಕೊಂಡು ಗೋಡೆ ಬಿಟ್ಟು ನಡೆದ ದಿನ ಅಕ್ಕನ ಕೈ ಹಿಡಿದುಕೊಂಡು ಊರೆಲ್ಲ ಸುತ್ತಿದ್ದರು. ಈಗಲೂ ಅವರು ಬರುವುದು ಕಿವಿಗೆ ಬೀಳುವುದಿಲ್ಲ, ಎದುರಿಗೆ ಬಂದು ನಿಂತಾಗಲೇ ಗೊತ್ತಾಗುವುದು.

ಆ ಬೂಟಣ್ಣ ಒಂದು ಮಧ್ಯಾಹ್ನ ಗ್ರಂಥಾಲಯಕ್ಕೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಕುರ್ಚಿಯ ಅಂಚಿಗೆ ಕೂತದ್ದು ನೋಡಿಯೇ ಮೇಡಂಗೆ ಏನೋ ಇದೆ ಅನ್ನಿಸಿತು.

“ದೊಡ್ಡ ಪಟ್ಟಣದ ಒಂದು ಕಂಪನಿಯವರು ಬಂದಿದ್ರು. ಆಸ್ಪತ್ರೆಗಳಿಗೆ ಬೂಟು ಮಾಡ್ತಾರಂತೆ. ಅಂಗಡಿ ಮುಚ್ಚಿ, ಅಚ್ಚು ಎಲ್ಲ ತಗೊಂಡು ಬಂದ್ಬಿಡಿ, ಹೊಲಿಗೆ ಮಷಿನ್ ನೋಡ್ಕೊಳ್ಳುತ್ತೆ, ನೀವು ನಮ್ಮವರಿಗೆ ಕೆಲಸ ಹೇಳ್ಕೊಡಿ ಅಂತಾರೆ” ಅಂದರು. ತಮ್ಮ ಕೈಗಳನ್ನು ಮೇಜಿನ ಮೇಲಿಟ್ಟರು. ಹೆಬ್ಬೆರಳಿನ ಗಂಟುಗಳು ಊದಿ ಕೆಂಪಾಗಿದ್ದವು. “ಮೇಣದ ದಾರ ಎಳೆಯೋಕೆ ಆಗ್ತಿಲ್ಲ ಮೇಡಂ. ಬೆಳಿಗ್ಗೆ ಹೆಂಡತಿ ಅಂಗಿ ಗುಂಡಿ ಹಾಕಿ ಕಳಿಸ್ತಾಳೆ. ಆದ್ರೆ ಕಂಪನಿ ಅಂದ್ರೆ ಭಯ. ಅಚ್ಚು ತಗೊಂಡು ನನ್ನನ್ನ ಮೂಲೆಗೆ ಎಸೆದ್ರೆ? ನೀವೊಂದು ಸಲ ನೋಡಿ ಹೇಳಿ.”

ಮೇಡಂ ಮೇಜಿನ ಕೆಳಗೆ ತಮ್ಮ ಎಡಗಾಲಿನ ಬೂಟನ್ನೊಮ್ಮೆ ನೋಡಿಕೊಂಡರು. ಬೂಟಣ್ಣ ಹೋದರೆ ತನ್ನ ಕಾಲಿಗೆ ಬೂಟು ಎಲ್ಲಿಂದ ಬರಬೇಕು? ಆದರೆ ಅದನ್ನು ತೋರಗೊಡದೆ, ಯಾರಿಗಾದರೂ ಕೇಳುವಂತೆಯೇ ಕೇಳಿದರು. “ಕಂಪನಿ ವಿಷಯ ಆಮೇಲೆ. ಮೊದ್ಲು ನಿಮ್ಮದು ಹೇಳಿ. ಏನು ತಿಳಿದ್ರೆ ಹೋಗ್ತೀರಿ, ಏನು ತಿಳಿದ್ರೆ ಹೋಗಲ್ಲ?”

ಬೂಟಣ್ಣ ತಲೆ ಕೆರೆದುಕೊಂಡರು. “ಇದಕ್ಕೆ ಮುಂಚೆ ನನ್ನಂಥವರನ್ನ ಕರ್ಕೊಂಡು ಹೋಗಿದ್ರೆ, ಅವರು ಈಗ ಹೇಗಿದ್ದಾರೆ ಅನ್ನೋದು ಗೊತ್ತಾಗ್ಬೇಕು” ಅಂದರು. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಮೇಡಂ ಕೂಡ ಹಾಕಿಕೊಡುತ್ತಿರಲಿಲ್ಲ.

ಗ್ರಂಥಾಲಯದಲ್ಲಿ ಒಂದು ಪದ್ಧತಿ ಇತ್ತು. ದಿನವೂ ಪತ್ರಿಕೆಗಳಲ್ಲಿ ಕಂಪನಿಗಳ ಸುದ್ದಿ ಬಂದರೆ ಕತ್ತರಿಸಿ, ತಾರೀಕು ಬರೆದು, ಆಯಾ ಕಂಪನಿಯ ಕಡತಕ್ಕೆ ಅಂಟಿಸಿಡುವುದು. ಬೂಟಣ್ಣ ಹೋದಮೇಲೆ ಮೇಡಂ ಆ ಕಂಪನಿಯ ಕಡತ ತೆಗೆದರು. ಕೈಗೆ ಭಾರವಾಗುವಷ್ಟು ದಪ್ಪ. ಕಂಪನಿ ಸಣ್ಣ ಅಂಗಡಿಗಳನ್ನು ನುಂಗಿತು, ಬೂಟು ಕೆಲಸಗಾರರ ಧರಣಿ, ಬಾಗಿಲು ಮುಚ್ಚಿದ ಹಳೆಯ ಅಂಗಡಿಗಳ ಮುಂದೆ ಕಣ್ಣೀರು. ಪುಟ ತಿರುವಿದಷ್ಟೂ ಇಂಥವೇ. ಸುಳ್ಳು ಯಾಕೆ ಹೇಳಬೇಕು, ಮೇಡಂಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟು ಹಗುರಾಗಿ ಅವರು ಎಂದೂ ಮನೆಗೆ ಹೋಗಿರಲಿಲ್ಲ.

ಮನೆಯಲ್ಲಿ ಇರುವುದು ಅಕ್ಕ ತಂಗಿ ಇಬ್ಬರೇ. ಅಕ್ಕ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು, ಬಾಯಿ ಸ್ವಲ್ಪ ಜೋರು, ತಂಗಿಯ ಮೇಲೆ ಪ್ರಾಣ. ವಿಷಯ ಕೇಳಿ, “ಸದ್ಯ, ಬದುಕಿದೆವು. ನಾಳೆ ಆ ಕಡತ ಅವರ ಮುಂದೆ ಇಟ್ಟು ಕೈ ತೊಳ್ಕೋ” ಅಂದಳು.

“ಇನ್ನೊಂದ್ಸಲ ನೋಡ್ತೀನಿ.”

“ನಿನ್ನ ಇನ್ನೊಂದ್ಸಲಕ್ಕೆ ಬೆಂಕಿ ಬಿತ್ತು. ಬೇಕಾದ್ದು ಸಿಕ್ಕಿದೆ ತಾನೆ?”

ಬೇಕಾದ್ದು ಸಿಕ್ಕಿದ್ದೇ ಮೇಡಂಗೆ ಮುಳ್ಳಿನ ಹಾಗೆ ಚುಚ್ಚುತ್ತಿದ್ದದ್ದು. ಎಷ್ಟೋ ವರ್ಷದಿಂದ ಎದುರಿನ ಕುರ್ಚಿಯವರನ್ನು ನೋಡಿ ಅವರಿಗೆ ಗೊತ್ತು: ತನಗೆ ಬೇಕಾದ ಉತ್ತರ ಸಿಕ್ಕವನು ಅಲ್ಲಿಗೇ ಪುಸ್ತಕ ಮುಚ್ಚುತ್ತಾನೆ. ಹಾಗೆ ಮುಚ್ಚಿದವರನ್ನೆಲ್ಲ ತಾನು ಗದರಿಸಿ ಕೂರಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಮರುದಿನ ಕಡತವನ್ನು ಮತ್ತೆ ಬಿಚ್ಚಿ, ಈ ಸಲ ಸುದ್ದಿ ಬಿಟ್ಟು ತಾರೀಕುಗಳನ್ನಷ್ಟೇ ಓದಿದರು. ಎಲ್ಲವೂ ಒಂದೇ ಬೇಸಿಗೆಯವು. ಎಲ್ಲದರ ಮೇಲೂ ಅವರದೇ ಅಕ್ಷರ. ಆಮೇಲಿನ ವರ್ಷಗಳದು ಒಂದು ಚೂರೂ ಇಲ್ಲ. ಆಗ ತಲೆಗೆ ಹೊಳೆಯಿತು. ಜಗಳದ ಸುದ್ದಿ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತದೆ, ಕತ್ತರಿ ತಾನಾಗಿಯೇ ಅತ್ತ ಹೋಗುತ್ತದೆ. ಜಗಳ ಮುಗಿದ ಸುದ್ದಿ ಒಳಪುಟದ ಮೂಲೆಯಲ್ಲಿ ಎರಡು ಸಾಲು. ಅದನ್ನು ಯಾರು ಕತ್ತರಿಸುತ್ತಾರೆ? ಹೀಗೆ ಕತ್ತರಿಸಿ ಕತ್ತರಿಸಿ, ಒಂದು ಕಂಪನಿಯ ಬರೀ ಕೆಟ್ಟ ದಿನಗಳನ್ನೇ ಅವರು ಗುಡ್ಡೆ ಹಾಕಿದ್ದರು. ಕಡತ ದಪ್ಪವಿದ್ದಷ್ಟೂ ಕಂಪನಿ ಕೆಟ್ಟದ್ದು ಎಂದುಕೊಳ್ಳುವ ಈ ತಪ್ಪನ್ನು ಗ್ರಂಥಾಲಯದವರಲ್ಲದೆ ಬೇರೆ ಯಾರೂ ಮಾಡಲಾರರು. ಮೇಡಂ ತಮ್ಮನ್ನು ತಾವೇ ಚೆನ್ನಾಗಿ ಬೈದುಕೊಂಡು ಕಂಪ್ಯೂಟರಿನ ಮುಂದೆ ಕೂತರು.

ಗ್ರಂಥಾಲಯ ಚಂದಾ ಕಟ್ಟಿದ್ದ ಪತ್ರಿಕೆಗಳ ಹಳೆಯ ಸಂಚಿಕೆಗಳೆಲ್ಲ ಆನ್‌ಲೈನ್‌ನಲ್ಲಿ ಸಿಗುತ್ತಿದ್ದವು. ಕಂಪನಿಯ ಹೆಸರು ಹಾಕಿ, ಆ ಬೇಸಿಗೆಯ ನಂತರದ್ದನ್ನು ಮಾತ್ರ ತೋರಿಸು ಎಂದು ಕೇಳಿದರು. ಸಿಕ್ಕಿತು, ಹವಾಮಾನ ವರದಿಯ ಕೆಳಗೆ ಎರಡು ಸಾಲು: ಧರಣಿ ಅಂತ್ಯ, ಒಪ್ಪಂದಕ್ಕೆ ಸಹಿ, ಹಳೆಯ ಕೆಲಸಗಾರರೆಲ್ಲ ಕಂಪನಿಗೆ. ಸರಿ, ಪತ್ರಿಕೆ ಹೇಳಿದ ಮಾತ್ರಕ್ಕೆ ನಂಬುವ ಪೈಕಿಯವರಲ್ಲ ಮೇಡಂ. ಕಂಪನಿ ನೋಂದಣಿಯ ಜಾಲತಾಣ ತೆರೆದು, ವರ್ಷವರ್ಷದ ಲೆಕ್ಕಪತ್ರ ಇಳಿಸಿಕೊಂಡರು. ಮಾಲೀಕರು ಬದಲಾಗಿಲ್ಲ. ಕೆಲಸಗಾರರ ಸಂಖ್ಯೆ ಇಳಿದಿಲ್ಲ, ಏರಿದೆ. ನ್ಯಾಯಾಲಯದ ತೀರ್ಪುಗಳ ತಾಣದಲ್ಲಿ ಹುಡುಕಿದರೆ ಒಂದು ಮೊಕದ್ದಮೆ ಇತ್ತು. ಯಂತ್ರ ಸರಿಯಿಲ್ಲವೆಂದು ಕಂಪನಿಯೇ ಯಂತ್ರ ಮಾರಿದವರ ಮೇಲೆ ಹೂಡಿದ್ದು. ಪ್ರತಿ ಪುಟ ತೆರೆಯುವಾಗಲೂ ಮೇಡಂ ಮನಸ್ಸಿನ ಒಂದು ಮೂಲೆ, ಇದರಲ್ಲಾದರೂ ಏನಾದರೂ ಹುಳುಕು ಸಿಗಲಿ ಎಂದು ಹಂಬಲಿಸುತ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರು. ಸಿಗಲಿಲ್ಲ.

ಇನ್ನು ಉಳಿದದ್ದು ಪಕ್ಕದ ಮನೆಯವರ ಮಾತು. ಮುಚ್ಚಿಹೋದ ಅಂಗಡಿಗಳ ಸುಳಿವು ಕಂಪ್ಯೂಟರಿನಲ್ಲಿ ಎಲ್ಲಿಂದ ಬರಬೇಕು? ನೆಲಮಾಳಿಗೆಯಲ್ಲಿ, ಯಾರೂ ಮುಟ್ಟದ ಹಳೆಯ ವ್ಯಾಪಾರ ಕೈಪಿಡಿಗಳಿದ್ದವು. ಯಾವ ಊರಿನಲ್ಲಿ ಯಾವ ಅಂಗಡಿ, ಫೋನ್ ಯಾವುದು ಎಂಬ ದಪ್ಪ ಪುಸ್ತಕಗಳು. ಕಾಲು ನೋಯುತ್ತಿದ್ದರೂ ಮೆಟ್ಟಿಲಿಳಿದು ಹೋಗಿ, ಸೀನುತ್ತಾ ಸೀನುತ್ತಾ ಹುಡುಕಿ ತಂದರು. ಅದರಲ್ಲಿದ್ದ ಒಂದು ಮುಚ್ಚಿದ ಅಂಗಡಿಯ ಸಂಖ್ಯೆಗೆ ಫೋನ್ ಮಾಡಿದರೆ ಯಾರದೋ ಸೊಸೆ ಎತ್ತಿಕೊಂಡಳು. “ಮಾವನಾ? ಅವರು ಈಗ ಕಂಪನಿ ಹತ್ರಾನೇ ಇದ್ದಾರೆ” ಎಂದು ಬೇರೆ ಸಂಖ್ಯೆ ಕೊಟ್ಟಳು.

ಆ ಮಾವ ಧರಣಿಯಲ್ಲಿ ಮುಂದೆ ಕೂತಿದ್ದ ಮುದುಕ. ಫೋನಿನಲ್ಲಿ ನಗುತ್ತಲೇ ಮಾತಾಡಿದರು. “ಹೌದಮ್ಮ, ಬೈದು ಬೈದು ಗಂಟಲು ಕಟ್ಟಿತ್ತು. ಒಳಗೆ ಬಂದ್ಮೇಲೆ ಗೊತ್ತಾಯ್ತು, ಕೆಟ್ಟವರಲ್ಲ. ನನ್ನ ಕಣ್ಣು ಮಂಜಾಗಿದೆ, ಆದ್ರೂ ಕೂರಿಸ್ಕೊಂಡು ಹುಡುಗರಿಗೆ ಪಾಠ ಹೇಳಿಸ್ತಾರೆ. ಅಚ್ಚುಗಳಿಗೆ ಒಂದು ಕೋಣೇನೇ ಇದೆ.”

“ನಿಮ್ಮ ಗಿರಾಕಿಗಳು?” ಎಂದರು ಮೇಡಂ.

ಅತ್ತ ಕಡೆ ನಗು ನಿಂತಿತು. “ಅದೊಂದು ಸಂಕಟ ನೋಡಮ್ಮ. ಕಾಲು ಸರಿಯಿಲ್ಲದವರು ಅಷ್ಟು ದೂರ ಹೇಗೆ ಬರ್ತಾರೆ? ಒಂದೆರಡು ಸಲ ಬಂದ್ರು. ಆಮೇಲೆ ಬಿಟ್ರು. ಈಗ ಏನು ಹಾಕ್ಕೊಂಡು ನಡೀತಾರೋ.”

ಆ ಫೋನ್ ಇಟ್ಟಮೇಲೆ ಮೇಡಂ ಕಿಟಕಿಯ ಕಡೆ ತಿರುಗಿ ಕೂತರು. ಈಗ ನಿಜವಾದ ಇಕ್ಕಟ್ಟು ಶುರುವಾಗಿತ್ತು. ಬೂಟಣ್ಣನದು ಬೆಣ್ಣೆಯಂಥ ಮನಸ್ಸು. ಗಿರಾಕಿಗಳ ಗತಿ ಹೀಗಾಯಿತು ಎಂದು ಕೇಳಿದರೆ ಕೈ ಮುರಿದರೂ ಮುರಿಯಲಿ ಎಂದು ಇಲ್ಲೇ ಉಳಿದುಬಿಡುತ್ತಾರೆ. ಹೇಳಿದರೆ ತನ್ನ ಕಾಲಿಗಾಗಿ ಗೋಗರೆದ ಹಾಗೆ. ಹೇಳದಿದ್ದರೆ ಸಿಕ್ಕಿದ್ದನ್ನು ಬಚ್ಚಿಟ್ಟ ಹಾಗೆ, ಅದು ಅವರು ಜನ್ಮದಲ್ಲಿ ಮಾಡದ ಕೆಲಸ. ಕೊನೆಗೆ ಎಲ್ಲವನ್ನೂ ಬರೆದರು. ಗಿರಾಕಿಗಳ ಮಾತನ್ನು ಮೊದಲಿಗೂ ಇಡಲಿಲ್ಲ, ಕೊನೆಗೂ ಇಡಲಿಲ್ಲ. ಲೆಕ್ಕಪತ್ರಕ್ಕೂ ಮೊಕದ್ದಮೆಗೂ ನಡುವೆ, ಅವುಗಳಷ್ಟೇ ದೊಡ್ಡ ಅಕ್ಷರದಲ್ಲಿ ಇಟ್ಟರು.

ಬೂಟಣ್ಣ ಬಂದು ಓದಿದರು. ಊದಿದ ಬೆರಳನ್ನು ಸಾಲಿನ ಕೆಳಗೆ ಸರಿಸುತ್ತಾ ನಿಧಾನವಾಗಿ ಓದಿದರು. ನಡುವೆ ಒಂದು ಕಡೆ ಬೆರಳು ನಿಂತಿತು. ಕೊನೆಯವರೆಗೆ ಓದಿ ತಲೆ ಎತ್ತಿದರು.

“ನೀವೇನು ಹೇಳ್ತೀರಿ?”

“ನಾನು ಹೇಳಲ್ಲ ಅನ್ನೋದು ನಿಮಗೆ ಗೊತ್ತಲ್ಲ ಬೂಟಣ್ಣ.”

“ಗೊತ್ತು. ಆದ್ರೆ ಇದರಲ್ಲಿ ನಷ್ಟ ಆಗೋದು ನಿಮಗೆ. ಅದಕ್ಕೇ ನಿಮ್ಮ ಹತ್ರ ಬಂದೆ. ಕಂಪನೀಲಿ ಏನಾದ್ರೂ ಹುಳುಕು ಇದ್ರೆ ನಿಮ್ಮಷ್ಟು ಚೆನ್ನಾಗಿ ಯಾರೂ ಹುಡುಕಲ್ಲ ಅಂತ.” ಬೂಟಣ್ಣ ಕಾಗದವನ್ನು ಮಡಚಿದರು. “ಆಯ್ತು, ನೀವು ಸುಮ್ಮನಿದ್ರೆ ಬೇಡ ಅಂತಾನೇ ಅರ್ಥ ಮಾಡ್ಕೋತೀನಿ. ಇಷ್ಟು ದಿನ ಹೊಲಿದಿಲ್ವಾ, ಇನ್ನೂ ಸ್ವಲ್ಪ ದಿನ ಹೊಲಿಯೋಣ. ನಿಮ್ಮನ್ನೆಲ್ಲ ಬಿಟ್ಟು ಹೋಗಿ ನಾನೇನು ಮಾಡ್ಲಿ?”

ಎದ್ದು ನಿಂತರು. ಮೇಡಂ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹೊಸ ಬೂಟು ಸಿಗುತ್ತಿತ್ತು, ತಮ್ಮ ನಿಯಮವೂ ಉಳಿಯುತ್ತಿತ್ತು, ಊರು ಎಂದಿನ ಹಾಗೆ ಹೊಗಳುತ್ತಿತ್ತು. ಯಾರೂ ಒಂದು ಮಾತು ಆಡುವ ಹಾಗಿರಲಿಲ್ಲ. ಬೂಟಣ್ಣ ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಲು ಹೋದರು, ಬೆರಳು ಹಿಡಿತಕ್ಕೆ ಬರಲಿಲ್ಲ, ಅಂಗೈಯಿಂದ ತಳ್ಳಿದರು. ಅದನ್ನು ನೋಡುತ್ತಾ ನೋಡುತ್ತಾ ಮೇಡಂಗೆ ತಡೆಯಲಾಗಲಿಲ್ಲ.

“ಹೋಗಿ” ಅಂದರು.

ಧ್ವನಿ ಜೋರಾಗಿಯೇ ಬಂತು. ಪತ್ರಿಕೆ ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. “ಒಳ್ಳೆ ಕಂಪನಿ. ನಾನು ಬೇಕಂತಲೇ ಕೆಟ್ಟದ್ದು ಹುಡುಕಿದೆ, ಸಿಗಲಿಲ್ಲ. ನಿಮ್ಮ ಕೈ ಉಳಿಯುತ್ತೆ. ಹೋಗಿ ಬೂಟಣ್ಣ. ಇದು ಗ್ರಂಥಾಲಯದ ಮಾತಲ್ಲ, ನನ್ನ ಮಾತು.”

ಬೂಟಣ್ಣ ಮಡಚಿದ ಕಾಗದವನ್ನು ಜೇಬಿಗಿಟ್ಟುಕೊಂಡರು. ಎರಡೂ ಕೈ ಜೋಡಿಸಿ, ಬಾಗಿಲ ಕಡೆ ನಡೆದರು. ಮೇಡಂ ಎದ್ದು ನೆಲಮಾಳಿಗೆಗೆ ಹೋಗಿ, ಕೈಪಿಡಿಯನ್ನು ಅದರ ಜಾಗಕ್ಕೆ ಇಟ್ಟು, ಕಪಾಟಿಗೆ ಒರಗಿ ಅತ್ತರು. ಬೂಟಣ್ಣನ ಮೇಲೆ, ಕಂಪನಿಯ ಮೇಲೆ, ಯಾಕೋ ಅಕ್ಕನ ಮೇಲೂ ಸಿಟ್ಟು ಬಂತು.

ಸಂಜೆ ಅಕ್ಕ ಸುದ್ದಿ ಕೇಳಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. “ಹುಚ್ಚಿ ಕಣೆ ನೀನು. ಜನ್ಮದಲ್ಲಿ ಯಾರಿಗೂ ಹೇಳ್ದೇ ಇದ್ದ ಮಾತು, ಬಾಯಿ ಬಿಟ್ಟಿದ್ದು ಇವತ್ತೇ ಆಗ್ಬೇಕಿತ್ತಾ? ಸುಮ್ನೆ ಇದ್ದಿದ್ರೆ ಅವರಾಗೇ ಉಳೀತಿದ್ರು. ಇನ್ನು ಈ ಕಾಲಿಗೆ ಏನು ಗತಿ? ಮತ್ತೆ ಗೋಡೆ ಹಿಡ್ಕೊಂಡು ನಡೀತೀಯಾ?”

ಮೇಡಂ ಬಾಗಿಲ ಬಳಿ ಕೂತು ಬೂಟಿನ ದಾರ ಸಡಿಲಿಸುತ್ತಿದ್ದರು. ಅಂಗಾಲಿನ ಹತ್ತಿರ ಬೂಟಿನ ಚರ್ಮ ಆಗಲೇ ಸವೆಯತೊಡಗಿತ್ತು.

“ಸುಮ್ನೆ ಇದ್ದು ಉಳಿಸ್ಕೋಬಹುದಿತ್ತು ಅಕ್ಕ. ಆಮೇಲೆ ಆ ಕೈಯಲ್ಲಿ ಅವರು ಹೊಲಿದ ಬೂಟು ಹಾಕ್ಕೊಂಡು ನಾನು ಎಲ್ಲಿಗೆ ಅಂತ ನಡೀಲಿ?”

ಅಕ್ಕ ಬಾಗಿಲ ಬಳಿಗೆ ಬಂದಳು. ಕೆಳಗೆ ಕೂತು, ತಂಗಿಯ ಗಿಡ್ಡ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಒತ್ತತೊಡಗಿದಳು.